ಕೆಂಪು ಲಕೋಟೆಯ ತುಂಡುಗಳು

"ಅಯ್ಯೋ ಸಿಗ್ನೆ, ಕೆಂಪು ಲಕೋಟೇದನ್ನೂ ನೀರಿಗೆ ಹಾಕ್ಬಿಟ್ಯೇನೇ?" ಎಂದು ಗೆಳತಿ ಗುನ್‌ವೋರ್ ಕಿರುಚಿದಾಗ ನನ್ನ ಬಾಯಲ್ಲಿ ವಾಫಲ್ ಇತ್ತು.

ಆ ಕೆಂಪು ಬಣ್ಣ ನೀರಿಗೆ ಇಳಿದರೆ, ನಾಳೆ ಚರ್ಚಿನಲ್ಲಿ ಮಾರಲೆಂದು ಲಕೋಟೆಯ ತುಂಡುಗಳಿಂದ ಬಿಡಿಸಲು ನೆನೆಹಾಕಿದ್ದ ಹಳೆಯ ಅಂಚೆಚೀಟಿಗಳೆಲ್ಲ ಹಾಳು. ಕೆಂಪು ತುಂಡುಗಳನ್ನು ಮೊದಲೇ ಹೆಕ್ಕಿ ತೆಗೆಯುವುದು ನಮ್ಮ ಜೊತೆ ಚೀಟಿ ಬಿಡಿಸುತ್ತಿದ್ದ ಹಾಲ್ವರನ ಕೆಲಸವಾಗಿತ್ತು. ಅವನು ತೀರಿಕೊಂಡು ಮೂರು ತಿಂಗಳು.

ಪಕ್ಕದ ಕೋಣೆಗೆ ಓಡಿದೆವು. ಬೋಗುಣಿಯ ನೀರು ತಿಳಿಯಾಗಿಯೇ ಇತ್ತು. ಆದರೆ ನಾನು ಹಾಕಿದ್ದ ಉಗುರುಬೆಚ್ಚಗಿನ ನೀರು ಮಂಜಿನಂತೆ ಕೊರೆಯುತ್ತಿತ್ತು. ಕೆಂಪು ತುಂಡುಗಳೆಲ್ಲ ಒದ್ದೆಯಾಗಿ ಹಾಲ್ವರನ ತಟ್ಟೆಯಲ್ಲಿ ಸಾಲಾಗಿದ್ದವು.

"ನೀನಾ ತೆಗ್ದಿದ್ದು?" ಎಂದೆ.

"ನನ್ನ ಎರಡು ಕೈಲೂ ವಾಫಲ್ ಇದೆ ಕಣೇ! ಸತ್ಮೇಲೂ ನಮ್ಮನ್ನ ನಂಬಲ್ಲ, ಈ ಮುದುಕ!"

ಇಬ್ಬರೂ ನಕ್ಕೆವು. ಅವನಿಗೂ ಕಾಫಿ ಬಗ್ಗಿಸೋಣವೆಂದು ಕೊಕ್ಕೆಯಿಂದ ಅವನ ಬಿಳಿ ಕಪ್ ಇಳಿಸಿದೆ. ಅದರ ಹಿಡಿಯ ಮೇಲೆ ಹೆಬ್ಬೆರಳಿನ ಕೆಂಪು ಗುರುತಿತ್ತು, ಇನ್ನೂ ಹಸಿಯಾಗಿ.