ಗಾಜಿನ ನವಿಲಿಗೆ ತೆತ್ತವರು ಯಾರು?

ಬಹಳ ಹಿಂದೆ ಮಿಂಚಾಪುರವೆಂಬ ರಾಜ್ಯವಿತ್ತು. ಅಲ್ಲಿನ ಜನಕ್ಕೆ ಚಿನ್ನಕ್ಕಿಂತ ಗಾಜಿನ ಮೇಲೆ ಮೋಹ ಹೆಚ್ಚು. ಆ ಊರಿನಲ್ಲಿ ಕೆಂಚಣ್ಣನೆಂಬ ತರುಣ ಬಳೆಗಾರನಿದ್ದ. ಬಳೆಯ ಮಲಾರವನ್ನು ಹೆಗಲಿಗೇರಿಸಿ ಬೀದಿ ಬೀದಿ ತಿರುಗುತ್ತಿದ್ದ. ಅವನ ಕಸುಬಿಗೆ ಅಜ್ಜನ ಕಾಲದಿಂದ ಬಂದ ಒಂದು ಕಟ್ಟಳೆಯಿತ್ತು. ತೊಡಿಸುವಾಗ ಬಳೆ ಒಡೆದರೆ ನಷ್ಟ ಬಳೆಗಾರನದು, ಕೈ ಚಾಚಿದವರನ್ನು ಕಾಸು ಕೇಳುವಂತಿಲ್ಲ.

ಅದೇ ರಾಜ್ಯದ ಗಡಿಯ ಗಾಜುಕೋಟೆಯಲ್ಲಿ ಕಾಚಕೇತನೆಂಬ ಮಂತ್ರವಾದಿಯಿದ್ದ. ಅವನ ಬಳಿ ಒಂದು ಮಾಯಾಪೀಠ. ಅದರ ಮೇಲಿಟ್ಟ ವಸ್ತು ಒಡೆದರೆ, ಒಡೆದದ್ದಕ್ಕೆ ಹೊಣೆಯಾದವರು ಗಾಜಿನ ಗೊಂಬೆಯಾಗಿ ಅದರ ಜಾಗದಲ್ಲಿ ನಿಲ್ಲಬೇಕು. ಈ ಶಾಸನಕ್ಕೆ ಅವನು ರಾಜನಿಂದ ಮುದ್ರೆಯನ್ನೂ ಒತ್ತಿಸಿಕೊಂಡಿದ್ದ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ರಾಜ, ಓದದೆಯೇ ಒತ್ತಿದ್ದ.

ಒಂದು ಸಂತೆಯ ದಿನ ಕೆಂಚಣ್ಣನ ತಂಗಿ ನಾಗಿ ತನ್ನ ಮೂರು ವರ್ಷದ ಮಗಳು ಪಾರಿಯನ್ನು ಅವನ ಕೈಗೆ ಕೊಟ್ಟಳು. "ಅಣ್ಣಾ, ಇವಳ ಕೈ ಮಾತ್ರ ಬಿಡಬೇಡ" ಎಂದಳು. ಕೆಂಚಣ್ಣ ಹೂಂ ಎಂದ. ಆದರೆ ಗಿರಾಕಿ ಬಂದಾಗ ಬಿಟ್ಟ. ಬಳೆ ತೊಡಿಸಲು ಎರಡು ಕೈಯೂ ಬೇಕಲ್ಲ!

ದಾರಿಯ ನಟ್ಟನಡುವೆ ಕಾಚಕೇತ ತನ್ನ ಪೀಠವನ್ನು ಇಟ್ಟಿದ್ದ. ಅದರ ಮೇಲೆ ಸಾವಿರ ವರಹ ಬೆಲೆಯ ಗಾಜಿನ ನವಿಲು. ಪಾರಿ ಅದರ ಬಳಿ ಹೋಗಿ, "ಬಾ ಬಾ, ಕಾಳು ಕೊಡ್ತೀನಿ" ಎಂದು ಕೊಕ್ಕು ಮುಟ್ಟಿದಳು. ನವಿಲು ಉರುಳಿತು, ಒಡೆದು ಚೂರಾಯಿತು. ಮಗು ಹೋ ಎಂದು ಅತ್ತಿತು.

"ಹೊಣೆ ಈ ಮಗುವಿನದು!" ಎಂದು ಕಾಚಕೇತ ಕೂಗಿದ. "ಇಲ್ಲವೆನ್ನುವವರು ಯಾರಾದರೂ ಇದ್ದೀರಾ?"

ಸಂತೆಗೆ ಸಂತೆಯೇ ಬಾಯಿಗೆ ಬೀಗ ಹಾಕಿಕೊಂಡಿತು. ಕೆಂಚಣ್ಣನ ಗಂಟಲೂ ಹೆದರಿಕೆಗೆ ಒಣಗಿತ್ತು. ಅವನು ಉಗುಳು ನುಂಗುವಷ್ಟರಲ್ಲಿ ಪಾರಿ ಅಂಗೈಯಗಲದ ಗಾಜಿನ ಗೊಂಬೆಯಾಗಿ ಪೀಠದ ಮೇಲೆ ನಿಂತಿದ್ದಳು. ಅವಳ ಕೆನ್ನೆಯ ಮೇಲಿನ ಕಣ್ಣೀರೂ ಗಾಜಾಗಿತ್ತು. ಕಾಚಕೇತ ಪೀಠವನ್ನು ಎತ್ತಿಕೊಂಡು ಮಾಯವಾದ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಕೆಂಚಣ್ಣ ಅರಮನೆಗೆ ಓಡಿದ. ರಾಜ ತಲೆ ತಗ್ಗಿಸಿದ.

"ಮುದ್ರೆ ಒತ್ತಿಬಿಟ್ಟಿದ್ದೇನಪ್ಪಾ. ತಕರಾರಿದ್ದರೆ ಪೀಠದ ಮುಂದೆಯೇ ಹೇಳಬೇಕು. ಅದಿರುವುದು ಗಾಜುಕೋಟೆಯಲ್ಲಿ, ಹೋದವರು ಯಾರೂ ಮರಳಿಲ್ಲ. ಹುಣ್ಣಿಮೆಯವರೆಗೆ ಮಗುವಿಗೆ ಉಸಿರಿರುತ್ತದೆ. ಆಮೇಲೆ ಅದು ಬರೀ ಗಾಜು."

"ಹಾಗಾದರೆ ಹುಣ್ಣಿಮೆಯೊಳಗೆ ಹೋಗುತ್ತೇನೆ ಮಹಾಪ್ರಭು" ಎಂದ ಕೆಂಚಣ್ಣ.

ನಾಗಿ ಅವನನ್ನು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಬುತ್ತಿ ಕಟ್ಟಿ ಕೊಟ್ಟು, "ಒಬ್ಬನೇ ಬರಬೇಡ ಅಣ್ಣಾ" ಎಂದಳು, ಅಷ್ಟೇ. ಅವನು ಮಲಾರವನ್ನು ಹೆಗಲಿಗೇರಿಸಿ ಹೊರಟ.

ಮೊದಲು ಸಿಕ್ಕಿದ್ದು ಕರಡಿಕಾಡು. ಹುಣಸೆಮರದಷ್ಟು ಎತ್ತರದ ಹೆಣ್ಣು ಕರಡಿಯೊಂದು ದಾರಿಗೆ ಅಡ್ಡ ನಿಂತಿತು.

"ಬಳೆಗಾರನಾ? ನನ್ನ ಕೈಗೆ ಬಳೆ ತೊಡಿಸದೆ ಮುಂದೆ ಹೋಗೋ ಹಾಗಿಲ್ಲ!"

"ಕೊಡಮ್ಮ ಕೈಯ್ಯ" ಎಂದು ಕೆಂಚಣ್ಣ ಕುಕ್ಕರಗಾಲಿನಲ್ಲಿ ಕುಳಿತ. ಇದ್ದುದರಲ್ಲೇ ದೊಡ್ಡ ಬಳೆಗಳನ್ನು ಆರಿಸಿದ. ಪಂಜವನ್ನು ಎಣ್ಣೆ ಹಚ್ಚಿ ನೀವಿದ. ಒಂದು ಬಳೆ ಏರಿತು, ಎರಡನೆಯದೂ ಏರಿತು, ಮೂರನೆಯದು ಚಟ್ಟನೆ ಒಡೆಯಿತು. ಅಷ್ಟು ದೊಡ್ಡ ಕರಡಿ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಡುಗತೊಡಗಿತು.

"ನಾನು ಬೇಕಂತ ಒಡೀಲಿಲ್ಲ! ನನ್ನನ್ನೂ ಗೊಂಬೆ ಮಾಡ್ತೀಯಾ? ನನ್ನ ಮರಿ ಒಂದು ಹೂಜಿ ಮುಟ್ಟಿದ್ದಕ್ಕೆ ಆ ಮಂತ್ರವಾದಿ ಹಾಗೇ ಮಾಡಿದ."

"ತೊಡಿಸಿದವನು ನಾನು ತಾಯಿ. ನಷ್ಟ ನನ್ನದು. ಚೂರು ಚುಚ್ಚಿತಾ? ಎಲ್ಲಿ, ತೋರಿಸು."

ಕರಡಿ ಅವನನ್ನೇ ನೋಡಿತು. ಹಾಗೆ ಅದನ್ನು ಯಾರೂ ಕೇಳಿರಲಿಲ್ಲ. ದಾರಿ ಬಿಟ್ಟಿತು.

ಕಾಡು ಮುಗಿದಲ್ಲಿ ತಳ ಕಾಣದ ಕಣಿವೆ. ಆಚೆ ದಡದಲ್ಲಿ ಗಾಜುಕೋಟೆ ಥಳಥಳ ಹೊಳೆಯುತ್ತಿತ್ತು. ಅದನ್ನೇ ನೋಡುತ್ತ ಓಡಿದ ಕೆಂಚಣ್ಣನ ಕಾಲಡಿ ಏನೋ ಬಿರುಕುಬಿಟ್ಟಿತು. ಬಗ್ಗಿ ನೋಡಿದರೆ ಗಂಡಭೇರುಂಡದ ಮೊಟ್ಟೆ! ಎರಡು ತಲೆಯ ಹಕ್ಕಿ ಮೇಲಿನಿಂದ ಎರಗಿ ಬಂತು.

"ಯಾರು ಮಾಡಿದ್ದು?" ಎಂದಿತು ಒಂದು ತಲೆ. "ಯಾರು?" ಎಂದಿತು ಇನ್ನೊಂದು.

ದಾರಿಯ ಮೇಲೆ ಹೇರಬಹುದಿತ್ತು, ಕೋಟೆಯ ಹೊಳಪಿನ ಮೇಲೂ ಹೇರಬಹುದಿತ್ತು. ಆದರೆ ಸಂತೆಯ ಆ ಮೌನ ಅವನ ಎದೆಯಲ್ಲಿ ಇನ್ನೂ ಚುಚ್ಚುತ್ತಿತ್ತು.

"ನಾನು. ಬೆಳೆದ ಆಳು, ನೆಲ ನೋಡಿ ನಡೆಯಬೇಕಿತ್ತು. ಏನು ತೆರಲಿ ಹೇಳು."

"ಮರಿ ಹೊರಬರುವ ತನಕ ಕಾವು ಕೊಡು" ಎಂದವು ಎರಡೂ ತಲೆಗಳು.

ಕೆಂಚಣ್ಣ ಬಳೆಗೆ ಬಳಸುವ ಅರಗನ್ನು ಕರಗಿಸಿ ಬಿರುಕನ್ನು ಮುಚ್ಚಿದ. ಮೊಟ್ಟೆಯನ್ನು ಮಡಿಲಲ್ಲಿಟ್ಟು, ಕಂಬಳಿ ಹೊದ್ದು ಕುಳಿತ. ಚಂದ್ರ ದಿನದಿನಕ್ಕೂ ತುಂಬುತ್ತಿದ್ದ. ಎದ್ದು ಓಡಬೇಕೆಂದು ಅವನ ಕಾಲು ತುಡಿಯುತ್ತಿತ್ತು. ಆದರೂ ಅವನು ಕದಲಲಿಲ್ಲ. ಹುಣ್ಣಿಮೆಯ ಸಂಜೆ ಮೊಟ್ಟೆಯೊಳಗಿನಿಂದ ಟಕ್ ಟಕ್ ಸದ್ದಾಯಿತು, ಎರಡು ಪುಟ್ಟ ತಲೆಗಳು ಇಣುಕಿದವು. ತಾಯಿಹಕ್ಕಿ ಅವನನ್ನು ಬೆನ್ನ ಮೇಲೆ ಕೂರಿಸಿಕೊಂಡು ಕಣಿವೆ ದಾಟಿಸಿತು.

ಕೋಟೆಯ ಬಾಗಿಲ ಮೇಲೆ ಹಸಿರು ಕೋತಿಯೊಂದು ಬೀಗದಕೈ ಹಿಡಿದು ಕುಳಿತಿತ್ತು. ಅದು ಬಾಲ ಚಾಚಿ ಮಲಾರವನ್ನು ಕಸಿದುಕೊಂಡು, ಕಲ್ಲಿನ ಮೇಲೆ ಕುಕ್ಕಿತು. ಉಳಿದ ಬಳೆಗಳೆಲ್ಲ ಪುಡಿಪುಡಿ.

"ಅಯ್ಯಯ್ಯೋ, ಕೈಜಾರಿತು!" ಎಂದು ಕೋತಿ ಹಲ್ಲು ಕಿಸಿಯಿತು. "ನಾನೂ ಮಗುವಿನ ಹಾಗೆ, ಏನೂ ತಿಳಿಯದು!"

ಕೆಂಚಣ್ಣ ಅದರ ಬಾಲವನ್ನು ಗಟ್ಟಿಯಾಗಿ ಹಿಡಿದ. "ಒಡೆದ ಮೇಲೆ ಮಗು ಅಳುತ್ತೆ. ನೀನು ನಗ್ತಿದ್ದೀಯ. ಬೇಕೆಂದೇ ಒಡೆದವನು ನೀನು, ತೆರೋನೂ ನೀನೇ. ತಾ ಬೀಗದಕೈ!"

ಕೋತಿ ಎಳೆಯಿತು, ಕಚ್ಚಿತು, ಬೈಯಿತು. ಅವನು ಬಿಡಲಿಲ್ಲ. ಕೊನೆಗೆ ಬೀಗದಕೈ ಎಸೆದು ಓಡಿಹೋಯಿತು.

ಒಳಗೆ ಸಾಲು ಸಾಲು ಗಾಜಿನ ಗೊಂಬೆಗಳು. ಕೆಂಚಣ್ಣ ನೋಡುತ್ತ ಹೋದ. ಎಲ್ಲವೂ ಮಕ್ಕಳೇ, ನಡುವೆ ಒಂದು ಕರಡಿಮರಿ. ದೊಡ್ಡವರ ಗೊಂಬೆ ಒಂದೂ ಇರಲಿಲ್ಲ. ನಡುಮನೆಯಲ್ಲಿ ಪೀಠ, ಪೀಠದ ಮೇಲೆ ಪಾರಿ. ಅವನು ಪೀಠದ ಪಕ್ಕ ನಿಂತ. ಅದು ಅವನ ಮೊಣಕಾಲಿಗೂ ಬರಲಿಲ್ಲ.

"ಬಂದೆಯಾ ಬಳೆಗಾರ?" ಕಾಚಕೇತ ಸಿಂಹಾಸನದಿಂದ ಕೇಳಿದ. "ಚಂದ್ರ ಇನ್ನೇನು ಮೂಡುತ್ತಾನೆ. ಸಾವಿರ ವರಹ ತಂದಿದ್ದೀಯೋ?"

"ತಕರಾರು ತಂದಿದ್ದೇನೆ. ಸಾವಿರ ವರಹದ ನವಿಲನ್ನು ಮಗುವಿನ ಕೈಗೆ ಎಟಕುವ ಹಾಗೆ, ಸಂತೆದಾರಿಯ ನಡುವೆ ಇಟ್ಟವರು ಯಾರು?"

"ನನ್ನ ವಸ್ತು, ನನ್ನಿಷ್ಟ. ನಾನೇ ಇಟ್ಟೆ!" ಎಂದು ಕಾಚಕೇತ ನಕ್ಕ. "ಮಗುವಿನ ಕೈ ಬಿಟ್ಟವನು ಯಾರೋ? ಅದನ್ನು ಹೇಳು!"

ಆ ಮಾತು ಕೆಂಚಣ್ಣನಿಗೆ ಈಟಿಯಂತೆ ನಾಟಿತು. ಆದರೆ ಈ ಸಲ ಅವನ ಗಂಟಲು ಒಣಗಲಿಲ್ಲ.

"ನಾನು ಬಿಟ್ಟೆ. ತಂಗಿಗೆ ಮಾತು ಕೊಟ್ಟು ಬಿಟ್ಟೆ. ನೀನು ಇವಳನ್ನು ಹಿಡಿದಾಗ ಬಾಯಿಮುಚ್ಚಿಕೊಂಡೂ ನಿಂತಿದ್ದೆ. ಪೀಠವೇ, ಕೇಳು! ಹೊಣೆ ಮಗುವಿನದಲ್ಲ. ಅರ್ಧ ನನ್ನದು, ನನ್ನ ಪಾಲು ತೆಗೆದುಕೋ. ಇನ್ನರ್ಧ ಇಟ್ಟವನದು!"

ಪೀಠ ಗುಡುಗಿತು. ಕೆಂಚಣ್ಣನ ಪಾದ ತಣ್ಣಗಾಯಿತು, ಮೊಣಕಾಲು ತಣ್ಣಗಾಯಿತು, ಸೊಂಟದವರೆಗೆ ಅವನು ಗಾಜಾದ. ಅಲ್ಲಿಗೆ ನಿಂತಿತು. ಅವನ ಪಾಲು ಅಷ್ಟೇ.

ಪೀಠ ಕಾಚಕೇತನತ್ತ ತಿರುಗಿತು. ಪಾರಿಯ ಪಾಲಿಗೆ ಅವನೂ ಸೊಂಟದವರೆಗೆ ಗಾಜಾದ. ಕರಡಿಮರಿಯ ಪಾಲಿಗೆ ಹೊಟ್ಟೆ ಗಾಜಾಯಿತು. ಸಾಲಿನಲ್ಲಿದ್ದ ಒಂದೊಂದು ಗೊಂಬೆಯದೂ ಪಾಲು ಸೇರಿ ಸೇರಿ ಎದೆ, ತೋಳು, ಗಡ್ಡ, ಎಲ್ಲ ಗಾಜಾಗುತ್ತ ಬಂತು. ಅವನು ಗಾಜಿನ ಕಾಲಲ್ಲೇ ಕಿರುಚುತ್ತ ಓಡಲು ನೋಡಿದ. ತಾನೇ ಇಟ್ಟ ಗಿಡ್ಡ ಪೀಠವನ್ನು ತಾನೇ ಎಡವಿದ. ಮಾಡಿದ್ದುಣ್ಣೋ ಮಹಾರಾಯ! ಬಿದ್ದು ನುಚ್ಚುನೂರಾದ. ಅವನನ್ನು ಯಾರೂ ಮುಟ್ಟಿರಲಿಲ್ಲ, ಹಾಗಾಗಿ ಯಾರೂ ತೆರಬೇಕಾಗಿರಲಿಲ್ಲ.

ಪೀಠ ಸೀಳಿತು. ಅದರ ಮಾಯೆ ಕಳೆದು, ಹಿಂದಿನ ಹುಣ್ಣಿಮೆಗಳಲ್ಲಿ ಬರೀ ಗಾಜಾಗಿದ್ದವರಿಗೂ ಉಸಿರು ಮರಳಿತು. ಕೋಟೆಯ ತುಂಬ ಮಕ್ಕಳ ಅಳು ಕೇಳಿಸಿತು. ಅಷ್ಟು ಚಂದದ ಅಳುವನ್ನು ಯಾರೂ ಕೇಳಿರಲಾರರು. ಕೆಂಚಣ್ಣನ ಕಾಲಿಗೆ ರಕ್ತ ಮರಳಿತು, ಎಡಗಾಲಿನ ಕಿರುಬೆರಳೊಂದನ್ನು ಬಿಟ್ಟು.

ಪಾರಿ ಅವನ ಕೊರಳಿಗೆ ಜೋತುಬಿದ್ದಳು. "ಮಾಮಾ, ನವಿಲು ಬಿದ್ದೋಯ್ತು. ನಾನು ಕೆಟ್ಟೋಳಾ?"

"ಅಲ್ಲ ಕಂದಾ. ನೀನು ಕಾಳು ಕೊಡೋಕೆ ಹೋಗಿದ್ದೆ" ಎಂದು ಕೆಂಚಣ್ಣ ಅತ್ತುಬಿಟ್ಟ.

ಗಂಡಭೇರುಂಡ ಮಕ್ಕಳನ್ನೆಲ್ಲ ಊರಿಗೆ ಮುಟ್ಟಿಸಿತು, ಕರಡಿಗೆ ಮರಿ ಸಿಕ್ಕಿತು. ನಾಗಿ ಮಗಳನ್ನೂ ಅಣ್ಣನನ್ನೂ ಒಟ್ಟಿಗೆ ತಬ್ಬಿಕೊಂಡಳು. ರಾಜ ಹಳೆಯ ಶಾಸನವನ್ನು ಹರಿದು, ಹೊಸದನ್ನು ಈ ಸಲ ಎರಡು ಬಾರಿ ಓದಿಸಿ ಮುದ್ರೆಯೊತ್ತಿದ: ಎಳೆಯ ಮಗು ತಿಳಿಯದೆ ಒಡೆದರೆ, ಎಟಕುವಲ್ಲಿ ಇಟ್ಟವನೂ ಕೈ ಬಿಟ್ಟವನೂ ಪಾಲು ಹಂಚಿಕೊಳ್ಳಲಿ.

ಕೆಂಚಣ್ಣ ಮತ್ತೆ ಮಲಾರ ಹೊತ್ತ. ನಡೆಯುವಾಗ ಅವನ ಗಾಜಿನ ಕಿರುಬೆರಳು ಕಿಣಿ ಎನ್ನುತ್ತಿತ್ತು. ಅದು ಕಿಣಿ ಎಂದಾಗಲೆಲ್ಲ ಅವನು ಪಾರಿಯ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಿದ್ದ. ಮಿಂಚಾಪುರದವರು ಆಮೇಲೆ ತುಂಬ ಕಾಲ ಸುಖವಾಗಿ ಬಾಳಿದರು. ಅಲ್ಲಿ ಯಾರ ಮನೆಯಲ್ಲಿ ಏನು ಬಿದ್ದು ಚೂರಾದರೂ, ಅದರ ಬೆಲೆ ಎಷ್ಟೆಂದು ಮೊದಲು ಯಾರೂ ಕೇಳುತ್ತಿರಲಿಲ್ಲ. "ಕಾಲಿಗೆ ಚುಚ್ಚಿತಾ ಮಗೂ?" ಎಂದು ಕೇಳುತ್ತಿದ್ದರು.