ಅವಳು ಕೇಳದ ಮೂರನೆಯ ಚರಣ

"ಟಿಣ್!"

ಗಂಟೆ ಬಾರಿಸಿದವಳು ಮಿಸಾವೊ. ಮೈಕು ಹಿಡಿದು ಬಾಯಿ ತೆರೆದುಕೊಂಡೇ ನಿಂತವನು ಕುರಾಮೊತೊ, ಊರಿನ ಶಾಲೆಗೆ ಹೊಸದಾಗಿ ಬಂದ ಸಂಗೀತದ ಮೇಷ್ಟ್ರು.

"ಹಾಡು ಇನ್ನೂ ಇದೆಯಲ್ರೀ!"

"ಇರುತ್ತೆ. ಇಲ್ಲಿ ಒಬ್ಬರಿಗೆ ಒಂದೇ ಚರಣ. ಹಿಂದೆ ನೋಡಿ, ಹನ್ನೊಂದು ಜನ ಕಾಯ್ತಿದಾರೆ."

"ಇದೊಳ್ಳೆ ಕಥೆ! ಅರ್ಧ ಊಟದಲ್ಲಿ ಎಬ್ಬಿಸಿದ ಹಾಗಾಯ್ತು."

"ಇನ್ನೂ ಹಸಿವಿದ್ರೆ ಮುಂದಿನ ಭಾನುವಾರ ಬನ್ನಿ, ಮೇಷ್ಟ್ರೇ."

ಅಂಗಡಿ ತುಂಬ ನಗು. ಅವನ ಕಿವಿ ಕೆಂಪಾಯಿತು. ಆದರೆ ಆ ಕಣ್ಣು... ಕೋಪದಲ್ಲೂ ನಗುತ್ತಿದ್ದ ಆ ಕಣ್ಣನ್ನು ನೋಡಿ ಮಿಸಾವೊ ಸುಮ್ಮನೆ ತೊಳೆದ ಲೋಟವನ್ನೇ ಮತ್ತೆ ತೊಳೆದಳು.

ಮೊಗಾಮಿ ನದಿಯ ದಂಡೆಯ ಆ ಪುಟ್ಟ ಹಗಲು ಕರೋಕೆ ಅಂಗಡಿ, ಯಂತ್ರದ ವಾದ್ಯಕ್ಕೆ ಪರದೆಯ ಸಾಲು ನೋಡಿ ಜನ ಹಾಡುವ ಜಾಗ, ಅವಳಿಗೆ ಅಮ್ಮನಿಂದ ಬಂದದ್ದು. ಒಂದೇ ಚರಣದ ಕಟ್ಟಳೆಯೂ ಅಮ್ಮನದೇ. ಬರುವವರೆಲ್ಲ ಎಪ್ಪತ್ತು ದಾಟಿದವರು. ಎಲ್ಲರಿಗೂ ಹಾಡುವ ಹುಚ್ಚು, ಯಾರಿಗೂ ಕಾಯುವ ತಾಳ್ಮೆ ಇಲ್ಲ. ಹೀಗಾಗಿ ಮೂವತ್ತೊಂದರ ಮಿಸಾವೊಗೆ ಸಾವಿರ ಹಾಡು ಬಾಯಿಪಾಠ, ಆದರೆ ಎಲ್ಲವೂ ಮೊದಲ ಚರಣದವರೆಗೆ ಮಾತ್ರ!

ಮೇಷ್ಟ್ರು ಬಂದ. ಮುಂದಿನ ಭಾನುವಾರವೂ ಬಂದ, ಅದರ ಮುಂದಿನದ್ದಕ್ಕೂ ಬಂದ. ಹಾಡಿ ಮುಗಿಸಿದವನು ಮನೆಗೆ ಹೋಗದೆ ಕುರ್ಚಿ ಎತ್ತಿಡುತ್ತಿದ್ದ, ಮೈಕು ಒರೆಸುತ್ತಿದ್ದ. ಅವನು ಕೇಳದೆಯೇ ಅವನ ಮುಂದೆ ಉಪ್ಪಿನಲ್ಲಿಟ್ಟ ಮೂಲಂಗಿಯ ತಟ್ಟೆ ಬರುತ್ತಿತ್ತು.

"ನಮಗೆ ಮೂರು ಹೋಳು, ಮೇಷ್ಟ್ರಿಗೆ ಏಳು!" ಎಂದು ಶಿಜುಯೊ ಅಜ್ಜಿ ಎಲ್ಲರ ಮುಂದೆಯೇ ಎಣಿಸಿದರು. ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ಬಡಿಸಿದ ಅಜ್ಜಿಯ ಕಣ್ಣು ತಪ್ಪುವುದುಂಟೇ?

"ಸುಮ್ನಿರಿ ಅಜ್ಜಿ!"

ಹೀಗೆ ವರ್ಷವೊಂದು ಕಳೆದೇ ಹೋಯಿತು. ಬಾಯಿಬಿಟ್ಟು ಮಾತ್ರ ಇಬ್ಬರೂ ಏನನ್ನೂ ಹೇಳಲಿಲ್ಲ.

ಮಾರ್ಚ್ ಬಂತು. ಮಾರ್ಚ್ ಬಂತೆಂದರೆ ಅಂಗಡಿಯಲ್ಲಿ ಹತ್ತರಲ್ಲಿ ಎಂಟು ಹಾಡು ವಸಂತದಲ್ಲಿ ಅರಳುವ ಸಾಕುರಾ ಹೂವಿನದೇ. ಶಾಲೆ ಮುಗಿಸಿದವರು, ವರ್ಗವಾದವರು, ಊರು ಬಿಡುವವರು... ಎಲ್ಲರ ಅಳುವಿಗೂ ಆ ಹೂವೇ ಬೇಕು. ಮೇಷ್ಟ್ರುಗಳ ವರ್ಗಾವಣೆಯ ಕಾಲವೂ ಅದೇ. ಪತ್ರಿಕೆಯಲ್ಲಿ ಪಟ್ಟಿ ಅಚ್ಚಾಗುವವರೆಗೆ ಯಾರೂ ತುಟಿ ಬಿಚ್ಚುವಂತಿಲ್ಲ.

ಆ ಭಾನುವಾರ ಎಲ್ಲರೂ ಹೋಗುವವರೆಗೆ ಕುರಾಮೊತೊ ಕಾದ.

"ಮಿಸಾವೊ ಸಾನ್, ಇವತ್ತೊಂದು ದಿನ... ಪೂರ್ತಿ ಹಾಡ್ಲಾ?"

ಅವಳು ಆಗಲೆಂದು ತಲೆಯಾಡಿಸಿದಳು.

ಸಾಕುರಾದ ಹಳೆಯ ಹಾಡು ಅದು, ಎಲ್ಲರಿಗೂ ಗೊತ್ತಿದ್ದದ್ದೇ. *ನಿಲ್ದಾಣದ ಹೂವೇ, ಕೈ ಬೀಸಬೇಡ, ತಿರುಗಿ ನೋಡಿದರೆ ಹೋಗಲಾರೆ...* ಅವನು ಪರದೆಯನ್ನು ನೋಡಲೇ ಇಲ್ಲ, ಅವಳನ್ನೇ ನೋಡುತ್ತ ಹಾಡಿದ. ಎರಡನೆಯ ಚರಣದಲ್ಲಿ ರೈಲೂ ಹೊರಟಿತು.

'ಅಯ್ಯೋ, ಇವರಿಗೆ ವರ್ಗವಾಗಿದೆ! ಬಾಯಲ್ಲಿ ಹೇಳೋಹಾಗಿಲ್ಲ ಅಂತ ಹಾಡಲ್ಲಿ ಹೇಳ್ತಿದಾರೆ. ಹೋಗಿ ಬರ್ತೀನಿ ಅಂತ... ಅಷ್ಟೇನಾ? ಒಂದು ವರ್ಷಕ್ಕೆ ಇಷ್ಟೇನಾ?'

ಕಣ್ಣೀರು ಉಕ್ಕಿ ಬಂತು. ಅವನೆದುರು ಅಳುವುದೇ? ಸತ್ತರೂ ಇಲ್ಲ! ಎರಡನೆಯ ಚರಣ ಮುಗಿದದ್ದೇ ತಡ, ಅವಳ ಬೆರಳು ಯಂತ್ರದ ಗುಂಡಿ ಒತ್ತಿತು. ಹಾಡು ನಿಂತಿತು. ಆ ಅಂಗಡಿಯಲ್ಲಿ ಗಂಟೆ ಬಾರಿಸುವುದುಂಟು, ಆದರೆ ಹಾಡುವವರ ಹಾಡನ್ನು ನಡುವೆ ಕೊಂದದ್ದು ಇದೇ ಮೊದಲು.

"ಸಾಕು, ಮೇಷ್ಟ್ರೇ. ಅರ್ಥ ಆಯ್ತು."

ಅವನ ಮುಖ ಬಿಳಿಚಿಕೊಂಡಿತು. "ಇದೇ... ನಿಮ್ಮ ಉತ್ತರಾನಾ?"

"ಹೂಂ. ಬಾಗಿಲು ಹಾಕೋ ಹೊತ್ತಾಯ್ತು."

ಅವನು ತಲೆಬಾಗಿ ವಂದಿಸಿದ. ಅಂದೂ ಮೈಕು ಒರೆಸಿಟ್ಟೇ ಹೋದ.

ಮುಂದಿನ ವಾರ ಪಟ್ಟಿ ಬಂತು. ಕುರಾಮೊತೊ, ಯುನೊಸವ ಶಾಲೆ. ಬಸ್ಸಿನಲ್ಲಿ ಎರಡು ತಾಸು, ಬಡಗಣದ ಬೆಟ್ಟದ ಮೇಲಿನ ಹಳ್ಳಿ. ಹೇಳದೆ ಕೇಳದೆ ಅವನು ಹೊರಟೇಬಿಟ್ಟ.

'ಹೋಗಲಿ! ನನಗೇನಂತೆ!' ಎಂದುಕೊಂಡಳು. ಆದರೂ ಭಾನುವಾರ ಮೂಲಂಗಿ ಏಳು ಹೋಳೇ ಕತ್ತರಿಸಿದಳು.

ಏಪ್ರಿಲ್ ನಡುವಿಗೆ ನದಿಯ ದಂಡೆ ಹೂವಾಯಿತು. ಇನ್ನೊಂದು ವಾರಕ್ಕೆ ಉದುರತೊಡಗಿತು. ಆ ಭಾನುವಾರ ಇಡೀ ಊರು ಚಾಪೆ ಹಾಸಿಕೊಂಡು ಮರದಡಿ ಕುಳಿತಿದ್ದರೆ, ಅಂಗಡಿಗೆ ಬಂದವರು ಮಂಡಿನೋವಿನ ಶಿಜುಯೊ ಅಜ್ಜಿ ಒಬ್ಬರೇ.

"ಇವತ್ತು ಸಾಲಿಲ್ಲ, ಏನಿಲ್ಲ. ಪೂರ್ತಿ ಹಾಡ್ತೀನಿ. ಗಂಟೆ ಬಾರಿಸಿದ್ರೆ ಕೈ ಮುರೀತೀನಿ, ನೋಡು!"

ಅಜ್ಜಿ ಆರಿಸಿದ್ದು ಅದೇ ಹಾಡು. ಮಿಸಾವೊ ಬೆನ್ನು ತಿರುಗಿಸಿ ನಿಂತಳು. ಮೊದಲ ಚರಣ ಆಯಿತು, ಎರಡನೆಯದೂ ಆಯಿತು. ಮುಗಿಯಿತು ಎಂದು ಉಸಿರು ಬಿಡುವಷ್ಟರಲ್ಲಿ...

*ಹೂವು ಬಡಗಣಕ್ಕೆ ನಡೆಯುವುದು, ಅದರ ಹಿಂದೆಯೇ ಬಾ. ನಿನಗೆಂದೇ ಬೆಟ್ಟದಲ್ಲಿ ಇನ್ನೊಂದು ವಸಂತ ಎತ್ತಿಟ್ಟಿರುವೆ...*

ಲೋಟ ಕೈಜಾರಿ ಬಿತ್ತು.

"ಅಜ್ಜೀ! ಇದು... ಈ ಹಾಡಿಗೆ ಮೂರನೇ ಚರಣ ಇದೆಯಾ?"

"ಇಲ್ದೇನೇ? ನಮ್ಮೆಜಮಾನ್ರು ನನ್ನ ಮದುವೆಗೆ ಕೇಳಿದ್ದೇ ಈ ಚರಣ ಹಾಡಿ. ಬೆಟ್ಟದೋರಲ್ವಾ ಅವರು! ಕರೋಕೆ ಅಂಗಡಿ ಇಟ್ಕೊಂಡು ನಿಂಗೆ ಗೊತ್ತಿಲ್ವಾ?"

ಗೊತ್ತಿರಲಿಲ್ಲ! ಗೊತ್ತಿದೆ ಎಂದೇ ಅವನು ನಂಬಿದ್ದ. ಇನ್ನೇನು ಆ ಚರಣ ಬರಬೇಕು, ಅಷ್ಟರಲ್ಲಿ ಇವಳು ಗುಂಡಿ ಒತ್ತಿದ್ದಳು. 'ಇದೇ ನಿಮ್ಮ ಉತ್ತರಾನಾ' ಎಂದು ಪಾಪ, ಕೇಳಿಯೂ ಇದ್ದ. ತಾನೇ ತನ್ನ ಬಾಯಿಂದ ಹೂಂ ಎಂದಿದ್ದಳಲ್ಲ!

ನಡೆದದ್ದನ್ನೆಲ್ಲ ಅವಳು ಬಿಕ್ಕುತ್ತ ಹೇಳಿದಳು. ಅಜ್ಜಿ ಹಣೆ ಹಣೆ ಚಚ್ಚಿಕೊಂಡರು.

"ನಿನ್ನ ತಲೆಗಿಷ್ಟು! ಅಳ್ತಾ ಕೂತ್ರೆ ಬಸ್ಸು ಕಾಯುತ್ತಾ? ಅಂಗಡಿ ನಾನು ನೋಡ್ಕೋತೀನಿ, ಹೋಗು!"

ಏಪ್ರನ್ ಬಿಚ್ಚುವುದನ್ನೂ ಮರೆತು ಮಿಸಾವೊ ಓಡಿದಳು.

ಬಸ್ಸು ಬೆಟ್ಟ ಹತ್ತಿದಂತೆ ಹೂವಿನ ಕಾಲವೇ ಹಿಂದೆ ಸರಿಯಿತು. ಕೆಳಗೆ ಉದುರುತ್ತಿದ್ದದ್ದು ನಡುವೆ ತುಂಬಿ ಅರಳಿತ್ತು. ಯುನೊಸವದಲ್ಲಿ ಇಳಿದಾಗ ದಾರಿಬದಿಯಲ್ಲಿ ಹಿಮ ಇನ್ನೂ ಕರಗಿರಲಿಲ್ಲ. ಶಾಲೆಯ ಮುಂದಿನ ಮರದಲ್ಲಿ ಅಂದೇ ಬಿರಿದ ನಾಲ್ಕಾರು ಹೂ. ಅದರಡಿ ಬೂಟು ತುಂಬ ಕೆಸರು ಮಾಡಿಕೊಂಡು ಹಿಮ ಗೋರುತ್ತಿದ್ದವನು ಅವನೇ.

ಅವನ ಕೈಯ ಸಲಿಕೆ ಬಿತ್ತು. "ಮಿಸಾವೊ ಸಾನ್! ಏಪ್ರನ್ನಲ್ಲಿ... ಏನಾಯ್ತು?"

"ನನಗೆ ಗೊತ್ತಿರಲಿಲ್ಲ, ಮೇಷ್ಟ್ರೇ!" ಅವಳು ಏದುಸಿರಲ್ಲೇ ಹೇಳಿದಳು. "ಆ ಹಾಡು ಎರಡೇ ಚರಣ ಅಂದ್ಕೊಂಡಿದ್ದೆ. ಬಿಟ್ಟು ಹೋಗ್ತೀನಿ ಅಂತ ಹಾಡ್ತಿದೀರಿ ಅಂತ... ಅಳು ಬಂತು, ಅದಕ್ಕೇ ನಿಲ್ಲಿಸ್ಬಿಟ್ಟೆ."

ಅವನ ಕಿವಿಗಳು ಮೆಲ್ಲನೆ ಕೆಂಪಾದವು.

"ಒಂದು ತಿಂಗಳು... ನಾನು ಊಟ ಸರಿಯಾಗಿ ಮಾಡಿಲ್ಲ ಗೊತ್ತಾ?"

"ನಾನೇನು ಮಾಡಿದೀನಾ? ನಿಮ್ಮ ಮೂಲಂಗಿ ನಾನೇ ತಿಂದು ತಿಂದು ಸಾಕಾಗಿದೆ!"

ಇಬ್ಬರಿಗೂ ಒಟ್ಟಿಗೆ ನಗು ಬಂತು, ಅಳುವೂ ಬಂತು. ಏಪ್ರನ್ನಿನ ಜೇಬಿನಲ್ಲಿ ಏನೋ ಟಿಣ್ ಎಂದಿತು. ಅವಸರದಲ್ಲಿ ಅಂಗಡಿಯ ಗಂಟೆಯೂ ಜೊತೆಗೇ ಬಂದುಬಿಟ್ಟಿತ್ತು. ಅವಳು ಅದನ್ನು ತೆಗೆದು ಅವನ ಕೈಯಲ್ಲಿಟ್ಟಳು.

"ಇಟ್ಕೊಳ್ಳಿ. ನಿಮಗೆ ಮಾತ್ರ ಇನ್ಮೇಲೆ ಬಾರಿಸಲ್ಲ."

"ಹಾಗಾದ್ರೆ ಉತ್ತರ?"

"ಪ್ರಶ್ನೇನೇ ಪೂರ್ತಿ ಕೇಳಿಲ್ವಲ್ಲ ನೀವು!"

ಅವನು ಅವಳ ಕೈ ಬಿಡಲಿಲ್ಲ. "ಕೊನೇ ಬಸ್ಸು ಐದಕ್ಕೆ, ಮಿಸಾವೊ. ಮೂರನೇ ಚರಣ ಒಂದೇ ಹಾಡ್ಲಾ?"

ಗೌರವದ 'ಸಾನ್' ಬಿಟ್ಟು ಬರೀ ಹೆಸರಿನಿಂದ ಅವನು ಕರೆದದ್ದು ಅದೇ ಮೊದಲು. ಅವಳು ಕಣ್ಣೊರೆಸಿಕೊಂಡು ಮರಕ್ಕೆ ಒರಗಿ ನಿಂತಳು.

"ಇನ್ನೂ ಹೊತ್ತಿದೆ. ಮೊದಲಿಂದ ಹಾಡಿ."