ನೆಟ್ಟಗಾದ ಎಲೆ

ಮಹಿಳಾ ಕಾನ್‌ಸ್ಟೆಬಲ್ ಹಳೆಯ ಕಡತಗಳನ್ನು ಹೊಲಿಯುತ್ತಿದ್ದಳು. ದಬ್ಬಳದಿಂದ ಮೂರು ತೂತು, ಬಿಳಿ ದಾರ, ಎರಡು ಗಂಟು, ಮತ್ತೆ ಮುಂದಿನದು. ಎದುರಿಗೆ ಕೂತ ಠಾಣೆಯ ರೈಟರ್ ಕಾಗದದ ಅಂಚು ಸರಿಮಾಡಿ ಅವಳತ್ತ ದೂಡುತ್ತಿದ್ದ. ಗುರುವಾರ, ಮಾರ್ಚ್ 14, ಬೆಳಿಗ್ಗೆ 10.40ಕ್ಕೆ ಮೆಟ್ಟಿಲ ಮೇಲೆ ಊರುಗೋಲಿನ ಸದ್ದಾಯಿತು.

ಬಂದವರು ಮೂವರು. ಮುಂದೆ ಎಪ್ಪತ್ತು ದಾಟಿದ ಅಜ್ಜಿ. ಎರಡು ಕಣ್ಣೂ ಕಾಣುವುದಿಲ್ಲ. ಪಕ್ಕದಲ್ಲಿ ಅವರ ತೋಳು ಹಿಡಿದ ಮಗಳು. ಹಿಂದೆ, ಒತ್ತಾಯಕ್ಕೆ ಬಂದವನಂತೆ ಕೈಗಡಿಯಾರ ನೋಡುತ್ತ ಅಳಿಯ.

"ನನ್ನ ಬೀರುವಿನ ಎಡಗಡೆ ಬಾಗಿಲು ಕದ್ದಿದ್ದಾರೆ," ಎಂದರು ಅಜ್ಜಿ.

"ಬಾಗಿಲು ಇದ್ದಲ್ಲೇ ಇದೆ ಸಾರ್," ಎಂದ ಅಳಿಯ, ಆಗಷ್ಟೇ ಒಳಕೋಣೆಯಿಂದ ಹೊರಬಂದ ಇನ್‌ಸ್ಪೆಕ್ಟರಿಗೆ.

"ಇದೆ. ಆದ್ರೆ ನಂದಲ್ಲ."

ಇನ್‌ಸ್ಪೆಕ್ಟರ್ ದನಿ ಎತ್ತಿದ್ದನ್ನು ಆ ಠಾಣೆಯಲ್ಲಿ ಯಾರೂ ಕೇಳಿರಲಿಲ್ಲ. ಕುರ್ಚಿ ಎಳೆದುಕೊಂಡು ಕೂತರು. "ಮೊದಲಿಂದ ಹೇಳಿ ಅಜ್ಜಿ."

ಅಜ್ಜಿ ಹೇಳಿದರು. ನಲವತ್ತೈದು ವರ್ಷದ ತೇಗದ ಬೀರು, ಎಂಟಡಿ ಎತ್ತರ. ಒಂಟಿ ಬದುಕು ಸಾಕೆಂದು ಮಗಳ ಮನೆಗೆ ಬರುವಾಗ ಅದೊಂದನ್ನು ಬಿಟ್ಟು ಬರಲಾರೆ ಎಂದು ಹಟ ಹಿಡಿದಿದ್ದರು. ಸಾಗಣೆ ಕಂಪನಿಯವರು ಫೆಬ್ರವರಿ 20ರಂದು ಅದನ್ನು ಬಿಚ್ಚಿ ಕೊಂಡೊಯ್ದರು. ಸಾವಿರದ ನಾನೂರು ಕಿಲೋಮೀಟರ್ ದಾಟಿ ಮಾರ್ಚ್ 11ರಂದು ಅದು ಇಲ್ಲಿ ಬಂದು ನಿಂತಿತು.

"ಆ ಬಾಗಿಲಲ್ಲಿ ಕೆತ್ತಿದ ಒಂದು ಬಳ್ಳಿ ಇದೆ, ಹದಿನೇಳು ಎಲೆ. ಕೆಳಗಿಂದ ಐದನೇದು ಉಲ್ಟಾ ತಿರುಗಿತ್ತು. ಕಣ್ಣು ಹೋಗಿ ಹನ್ನೊಂದು ವರ್ಷ, ಆ ಎಲೆ ತಡವಿಕೊಂಡೇ ಬೀಗದ ತೂತು ಹುಡುಕ್ತಿದ್ದೆ. ಈಗ ಹದಿನೇಳೂ ನೆಟ್ಟಗೆ ಕೂತಿವೆ."

"ಅಮ್ಮಾ, ಎಲೆ ಎಣಿಸ್ಕೊಂಡು ಯಾರು ಕೂತಿದ್ರು?" ಎಂದಳು ಮಗಳು.

"ನಾನು ಕೂತಿದ್ದೆ. ನನಗೆ ಇನ್ನೇನು ಕಡಿದು ಹಾಕೋದಿತ್ತು?"

ಕಾನ್‌ಸ್ಟೆಬಲ್ ನಗು ತಡೆಯಲು ದಾರ ಕಚ್ಚಿ ಹಿಡಿದಳು.

ಅಳಿಯ ಇನ್‌ಸ್ಪೆಕ್ಟರನ್ನು ಕಿಟಕಿಯ ಬಳಿ ಕರೆದ. "ಅತ್ತೆಗೆ ಮರೆವು ಶುರುವಾಗಿದೆ ಸಾರ್. 25ನೇ ತಾರೀಖು ಡಾಕ್ಟರ್ ನೋಡ್ತಾರೆ. ಅವರೂ ಹೌದು ಅಂದ್ರೆ ಒಂದನೇ ತಾರೀಖಿಂದ ಆರೈಕೆ ಕೇಂದ್ರಕ್ಕೆ ಸೇರಿಸ್ತೀವಿ. ನಾವಿಬ್ಬರೂ ಕೆಲಸಕ್ಕೆ ಹೋಗೋರು. ದೂರು ಗೀರು ಬೇಡ."

"ಕಣ್ಣು ಹೋಗಿದೆ ಅಳಿಯಂದ್ರೇ," ಎಂದರು ಅಜ್ಜಿ ಕೂತಲ್ಲಿಂದಲೇ. "ಕಿವಿ ಗಟ್ಟಿಯಾಗಿದೆ."

ಇನ್‌ಸ್ಪೆಕ್ಟರ್ ರೈಟರನತ್ತ ತಿರುಗಿದರು. "FIR ಬರೀರಿ. ಸುಳ್ಳಾದ್ರೆ ಮುಚ್ಚೋಣ."

ಮಧ್ಯಾಹ್ನ 12.30ಕ್ಕೆ ಮಗಳ ಮನೆಯಲ್ಲಿ ಸ್ಥಳ ಪಂಚನಾಮೆ. ಪಂಚರಾಗಿ ಎದುರಂಗಡಿಯ ದರ್ಜಿ, ಮೇಲಿನ ಮಹಡಿಯ ನಿವೃತ್ತ ನರ್ಸು. ಬೀರುವಿನ ಎರಡು ಬಾಗಿಲೂ ಒಂದೇ ಬಣ್ಣ, ಒಂದೇ ಹೊಳಪು. ಇನ್‌ಸ್ಪೆಕ್ಟರ್ ಹೇಳಿದಂತೆ ಎರಡೂ ಬಾಗಿಲ ಕೆಳಗಿನ ಬಿಜಾಗರಿಗಳನ್ನು ಬಿಚ್ಚಲಾಯಿತು. ಬಲಗಡೆ ಬಿಜಾಗರಿಯ ಅಡಿಯಲ್ಲಿ ಮರ ಕಪ್ಪಿಟ್ಟು, ಹಳೆಯ ಲೋಹದ ಕಲೆ ಹಿಡಿದಿತ್ತು. ಎಡಗಡೆ, ಈಗ ತಾನೇ ಹೆರೆದ ಹಾಗೆ ಹೊಂಬಣ್ಣ.

"ಹೊಸ ಹಲಗೆ," ಎಂದ ದರ್ಜಿ.

ಅಳಿಯ ಸೋಲಲಿಲ್ಲ. "ಯಾವ ಕಾಲದಲ್ಲೋ ಬದಲಾಯಿಸಿರ್ತಾರೆ ಸಾರ್. ಇವರಿಗೆ ನೆನಪಿಲ್ಲ."

ಮಗಳು ಅಮ್ಮನ ಮುಖ ನೋಡಿದಳು. ಅಜ್ಜಿಯ ಸೆರಗಿನ ತುದಿ ಬೆರಳಿಗೆ ಸುತ್ತಿ ಸುತ್ತಿ ಬಿಗಿಯಾಗುತ್ತಿತ್ತು. ಹಳೆಯ ಬಾಗಿಲು ಕೈಗೆ ಸಿಗದಿದ್ದರೆ ಈ ಪಂಚನಾಮೆಯೇ ಮರೆವಿಗೆ ಸಾಕ್ಷಿಯಾಗಿ ಅಜ್ಜಿಗೆ ಮುಳುವಾಗುತ್ತದೆ ಎಂದು ಕಾನ್‌ಸ್ಟೆಬಲ್‌ಗೆ ಹೊಳೆಯಿತು. ಅವಳು ಸ್ಟೂಲು ಹತ್ತಿ, ಎಡ ಬಾಗಿಲಲ್ಲಿ ಇನ್ನೂ ಬಿಚ್ಚದೆ ಉಳಿದಿದ್ದ ಮೇಲಿನ ಬಿಜಾಗರಿಯನ್ನು ನೋಡಿದಳು. ಚೌಕಟ್ಟಿನ ಕಡೆ ಹೊಸ ಸ್ಕ್ರೂಗಳು, ತಲೆ ಒಂದೊಂದು ಒಂದೊಂದು ದಿಕ್ಕಿಗೆ. ಬಾಗಿಲಿನ ಕಡೆ ಹಳೆಯ ಹಿತ್ತಾಳೆ ಸ್ಕ್ರೂಗಳು; ಅವುಗಳ ತಲೆಯ ಗೀರುಗಳೆಲ್ಲ ಎಳೆದಿಟ್ಟಂತೆ ನೇರ ನಿಂತಿದ್ದವು.

"ಸಾರ್, ಇದನ್ನ ಯಾರೋ ಪ್ರೀತಿಯಿಂದ ತಿರುಗಿಸಿದ್ದಾರೆ."

3.15ಕ್ಕೆ, ಬೀರು ಜೋಡಿಸಿದ ತಂಡದ ಮೇಸ್ತ್ರಿಯನ್ನು ಠಾಣೆಗೆ ಕರೆಸಲಾಯಿತು.

"ಬಾಗಿಲು ಕೂರಿಸಿದ್ದು ಯಾರು?"

"ನಾವೇ ಸಾರ್. ಚೌಕಟ್ಟಿಗೆ ಮಾತ್ರ. ಬಾಗಿಲ ಕಡೆ ಬಿಜಾಗರಿ ಅಲ್ಲಿಂದಲೇ ಕೂತು ಬಂದಿತ್ತು."

"ಸ್ಕ್ರೂ ಗೀರು ನೇರ ನಿಲ್ಲಿಸ್ತೀರಾ?"

ಮೇಸ್ತ್ರಿ ನಕ್ಕ. "ಮಷೀನ್ ಇಟ್ರೆ ಬರ್ರ್ ಅಂತ ಮುಗೀತು. ಅಷ್ಟು ನಾಜೂಕು ಮಾಡೋರು ಕಂಪನಿಯಲ್ಲಿ ಒಬ್ಬರೇ, ಆ ಕಡೆ ಗೋದಾಮಿನ ಪೆಟ್ಟಿಗೆ ಬಡಗಿ. ನಾವು ಒಡೆದು ಬಿಸಾಕೋ ಪೆಟ್ಟಿಗೆಗೂ ಪಾಲಿಶ್ ಕಾಗದ ಉಜ್ಜಿ ಕಳಿಸ್ತಾರೆ ಪುಣ್ಯಾತ್ಮರು. ಉಜ್ಜಪ್ಪ ಅಂತೀವಿ."

ಇನ್‌ಸ್ಪೆಕ್ಟರ್ ರೈಲಿನ ವೇಳಾಪಟ್ಟಿ ತರಿಸಿದರು.

ಸೋಮವಾರ, ಮಾರ್ಚ್ 18. ಬೀರು ಹೊರಟಿದ್ದ ಊರಿನ ಠಾಣೆಯಲ್ಲಿ ಮಾಹಿತಿ ನೀಡಿ, ಬೆಳಿಗ್ಗೆ 11ಕ್ಕೆ ಇನ್‌ಸ್ಪೆಕ್ಟರ್, ಕಾನ್‌ಸ್ಟೆಬಲ್ ಇಬ್ಬರೂ ಗೋದಾಮು ತಲುಪಿದರು. ಮ್ಯಾನೇಜರ್ ಆವಕ ಜಾವಕ ಪುಸ್ತಕ ತೆರೆದ. ಬೀರು ಬಂದದ್ದು ಫೆಬ್ರವರಿ 20, ಹೊರಟದ್ದು ಮಾರ್ಚ್ 6.

"ಹದಿನೈದು ದಿನ ಇಲ್ಲೇ ಯಾಕಿತ್ತು?"

"ಒಂದು ಬೀರುಗೆ ಅಂತ ಲಾರಿ ಕಳಿಸೋಕಾಗುತ್ತಾ ಸಾರ್? ಆ ದಿಕ್ಕಿನ ಸಾಮಾನು ಲಾರಿ ತುಂಬೋ ತನಕ ಕಾಯಿಸ್ತೀವಿ."

ಹಿಂದಿನ ಶೆಡ್ಡಿನಲ್ಲಿ ಐವತ್ತು ದಾಟಿದ ತೆಳ್ಳನೆಯ ವ್ಯಕ್ತಿಯೊಬ್ಬ ಹಲಗೆ ಹೆರೆಯುತ್ತಿದ್ದ. ಖಾಕಿ ಕಂಡು ಉಜ್ಜಪ್ಪ ಓಡಲಿಲ್ಲ. ಕೀಸುಳಿಯ ಬಾಯಿಯ ಹೊಟ್ಟು ಊದಿ ಪಕ್ಕಕ್ಕಿಟ್ಟ.

"ಬಾಗಿಲು ಎಲ್ಲಿ?"

"ನನ್ನ ರೂಮಲ್ಲಿ."

ಶೆಡ್ಡಿಗೆ ಅಂಟಿಕೊಂಡ ಕೋಣೆಯದು. ಮಂಚದ ಪಕ್ಕ, ಗೋಡೆಗೆ ಒರಗಿಸಿ, ಒಗೆದ ಚಾದರ ಹೊದಿಸಿದ್ದ. ಕಾನ್‌ಸ್ಟೆಬಲ್ ಚಾದರ ಸರಿಸಿ ಕೆಳಗಿನಿಂದ ಎಣಿಸಿದಳು. ಐದನೆಯ ಎಲೆ ಬೆನ್ನು ತಿರುಗಿಸಿ ಕೂತಿತ್ತು.

"ಯಾಕೆ ತಗೊಂಡೆ?"

"ಆ ಬೀರು ಮಾಡಿದ್ದು ನಮ್ಮಪ್ಪ. ಆ ಒಂದು ಎಲೆ ನಾನು."

"ಬಿಡಿಸಿ ಹೇಳು."

"ಆಗ ನಂಗೆ ಎಂಟು ವರ್ಷ. ಅಪ್ಪ ಉಳಿ ಕೈಗೆ ಕೊಟ್ಟು, ಇದೊಂದು ನೀನು ತೆಗಿಯೋ ಅಂದ್ರು. ಉಲ್ಟಾ ತೆಗೆದೆ. ಹಲಗೆ ಕೆಡ್ತು ಅಂತ ಅತ್ಬಿಟ್ಟೆ. ಅಪ್ಪ, ಗಿಡದಲ್ಲಿ ಎಲ್ಲಾ ಎಲೆ ಒಂದೇ ಕಡೆ ನೋಡ್ತವೇನೋ ಅಂದು ಹಾಗೇ ಕಳಿಸಿಬಿಟ್ರು. ಅದೇ ವರ್ಷ ಹೋಗ್ಬಿಟ್ರು. ಅವರ ಜೊತೆ ನಾನು ಮಾಡಿದ ಕೆಲಸ ಅದೊಂದೇ."

"ಅವರನ್ನ ಕೇಳಬಹುದಿತ್ತಲ್ಲ?"

"ಗಿರಾಕಿಗಳ ಹತ್ರ ನಾವು ಮಾತಾಡೋ ಹಾಗಿಲ್ಲ ಸಾರ್, ಕಂಪನಿ ರೂಲ್ಸು. ಬಲಗಡೇದು ಮುಟ್ಟಿಲ್ಲ. ಎರಡೂ ತಗೊಂಡ್ರೆ ಕಳ್ಳತನ ಆಗುತ್ತೆ ಅನ್ನಿಸ್ತು."

ಇನ್‌ಸ್ಪೆಕ್ಟರ್ ಕೆಮ್ಮಿದರು. "ಒಂದು ತಗೊಂಡ್ರೂ ಕಳ್ಳತನವೇ. ಅದಿರಲಿ, ಹದಿನೈದು ದಿನ ಕೂತು ಕೂದಲೆಳೆ ತಪ್ಪದ ಹಾಗೆ ಮಾಡಿದ್ದೀಯ. ಆ ಎಲೆ ಯಾಕೆ ನೆಟ್ಟಗೆ ಕೆತ್ತಿದೆ?"

ಉಜ್ಜಪ್ಪ ತನ್ನ ಕೈ ನೋಡಿಕೊಂಡ. "ಮೂರು ಸಲ ಕೂತೆ ಸಾರ್. ತಪ್ಪು ಕೆತ್ತೋಕೆ ಕೈ ಒಪ್ಪಲಿಲ್ಲ."

ಮಧ್ಯಾಹ್ನ 1.20ಕ್ಕೆ ದಸ್ತಗಿರಿ, ಬಾಗಿಲು ಜಪ್ತಿ. ಕಾನ್‌ಸ್ಟೆಬಲ್ ಬಾಗಿಲಿಗೆ ಹಗ್ಗ ಸುತ್ತತೊಡಗಿದಾಗ ಆರೋಪಿಗೆ ತಡೆಯಲಾಗಲಿಲ್ಲ.

"ಹಾಗಲ್ಲ ತಾಯಿ! ಮೂಲೆಗೆ ಮೆತ್ತೆ ಇಡ್ದೆ ಹಗ್ಗ ಬಿಗಿದ್ರೆ ಮರ ಕಚ್ಚಿಬಿಡುತ್ತೆ."

ಇನ್‌ಸ್ಪೆಕ್ಟರ್ ತಲೆಯಾಡಿಸಿದರು. ಕದ್ದ ಮಾಲನ್ನು ಕದ್ದವನೇ ಕಂಬಳಿ ಸುತ್ತಿ, ನಾಲ್ಕು ಮೂಲೆಗೂ ರಟ್ಟು ಕಟ್ಟಿ, ರೈಲಿನ ಸಾಮಾನು ಬೋಗಿಗೆ ಸಿದ್ಧಮಾಡಿಕೊಟ್ಟ.

ಶುಕ್ರವಾರ, ಮಾರ್ಚ್ 22, ಬೆಳಿಗ್ಗೆ 11.05. ಠಾಣೆಯಲ್ಲಿ ಮಾಲು ಗುರುತಿಸುವಿಕೆ. ಎರಡು ಬಾಗಿಲುಗಳನ್ನು ಅಕ್ಕಪಕ್ಕ ನಿಲ್ಲಿಸಲಾಗಿತ್ತು. ಯಾವುದು ಯಾವುದೆಂದು ಅಜ್ಜಿಗೆ ಯಾರೂ ಹೇಳಲಿಲ್ಲ. ಅವರು ಮೊದಲನೆಯದನ್ನು ತಡವಿ ಕೈ ತೆಗೆದರು. ಎರಡನೆಯದರಲ್ಲಿ ಬೆರಳು ಬುಡದಿಂದ ಹತ್ತಿತು: ಒಂದು, ಎರಡು, ಮೂರು, ನಾಲ್ಕು. ಐದನೆಯದರ ಮೇಲೆ ಅಂಗೈ ಇಟ್ಟುಬಿಟ್ಟರು.

"ಬಂದ್ಯಾ," ಎಂದರು.

ಅಳಿಯ ಹೊರಗೆ ಹೋದ. "ಸೋಮವಾರದ್ದು ಬೇಡ ಡಾಕ್ಟ್ರೇ... ಇಲ್ಲ, ಬೇರೆ ದಿನವೂ ಬೇಡ," ಎಂದು ಫೋನಿನಲ್ಲಿ ಹೇಳುವುದು ಕಿಟಕಿಯಿಂದ ಕೇಳಿಸಿತು. ಮಗಳು ಅಮ್ಮನ ಜಾರಿದ ಸೆರಗನ್ನು ಸರಿಮಾಡಿದಳು. ಸರಿಯಾದಮೇಲೂ ಕೈ ತೆಗೆಯಲಿಲ್ಲ.

ಬೆಂಚಿನ ಮೇಲೆ ಕೂತ ಉಜ್ಜಪ್ಪ ಒಮ್ಮೆ ಗಂಟಲು ಸರಿಮಾಡಿಕೊಂಡ. ಅಜ್ಜಿ ಅತ್ತ ತಿರುಗಿದರು. ಅವನು ಯಾರು, ಯಾಕೆ ತೆಗೆದ ಎಂದು ಕಾನ್‌ಸ್ಟೆಬಲ್ ನಾಲ್ಕು ಮಾತಿನಲ್ಲಿ ಹೇಳಿದಳು.

"ಇದು ನಿನ್ನ ಎಲೆಯೇನಪ್ಪಾ?"

"ಹೌದಮ್ಮ."

ಅಜ್ಜಿ ಇನ್‌ಸ್ಪೆಕ್ಟರ್ ಕೂತಿದ್ದ ಕಡೆಗೆ ಮುಖ ಮಾಡಿದರು.

"ಬಾಗಿಲು ಮತ್ತೆ ಕೂರಿಸೋಕೆ ಇವನನ್ನೇ ಕಳಿಸಿ ಸಾರ್."

ರೈಟರ್ ಪೆನ್ನು ಎತ್ತಿ, ಇದನ್ನೂ ಬರೆಯಲೇ ಎಂಬಂತೆ ಇನ್‌ಸ್ಪೆಕ್ಟರ ಮುಖ ನೋಡಿದ. ಇನ್‌ಸ್ಪೆಕ್ಟರ್ ಮೇಜಿನ ಮೇಲಿನ ದಸ್ತಗಿರಿ ಕಾಗದ ನೋಡುತ್ತಿದ್ದರು.